ಹಸನಬ್ಬರ ಕಾಲಿಗೆ ಕಟ್ಟಿದ್ದ ಬಟ್ಟೆ

ಬೇರೆ ಯಾರಾದರೂ ಇದನ್ನು ಹೇಳಿದ್ದರೆ ನಾನೇ ನಕ್ಕುಬಿಡುತ್ತಿದ್ದೆ. ಕಂಡದ್ದನ್ನು ಅಳೆದು ಬರೆದಿಡುವುದೇ ನನ್ನ ಕೆಲಸವಾಗಿತ್ತು. ಕಾಣದ್ದನ್ನು ನಂಬುವ ಅಭ್ಯಾಸ ನನಗಿರಲಿಲ್ಲ.

ಏಳೆಂಟು ವರ್ಷಗಳ ಹಿಂದಿನ ಮಾತು. ನಾನಾಗ ಅಬುಧಾಬಿಯಲ್ಲಿ ಪರಿಸರ ಸಮೀಕ್ಷೆಯ ಕೆಲಸದಲ್ಲಿದ್ದೆ. ಮರುಭೂಮಿಯ ಒಂದು ಜಾಗದಲ್ಲಿ ವಿಲ್ಲಾಗಳು ಏಳಲಿದ್ದವು. ಬುಲ್ಡೋಜರ್ ಬರುವ ಮೊದಲು ಅಲ್ಲಿನ ಹಾವುಗಳನ್ನು ಹಿಡಿದು ಬೇಲಿ ಹಾಕಿದ ರಕ್ಷಿತ ಜಾಗಕ್ಕೆ ಬಿಡಬೇಕಿತ್ತು. ಬರೀ ಮರಳು ಎಂದುಕೊಂಡಿದ್ದಲ್ಲಿ ಒಂದೇ ವಾರದಲ್ಲಿ ಐದು ಜಾತಿಯ ಹಾವುಗಳು ಸಿಕ್ಕಿದ್ದವು. ಮರಳಿನಡಿ ಹುದುಗಿ ಕಣ್ಣಷ್ಟೇ ಹೊರಗಿಟ್ಟ ಮಣ್ಣುಮುಕ್ಕ ಹಾವನ್ನು ನಾನು ಮೊದಲು ನೋಡಿದ್ದು ಅಲ್ಲೇ.

ಜೊತೆಗಿದ್ದವರು ಡ್ರೈವರ್ ಹಸನಬ್ಬ, ಬಂಟ್ವಾಳದ ಕಡೆಯ ಬ್ಯಾರಿ. ಮುಸಫ್ಫಾದ ಕಾರ್ಮಿಕರ ಕ್ಯಾಂಪಿನಲ್ಲಿದ್ದರು, ನನಗಿಂತ ಹತ್ತು ವರ್ಷಕ್ಕೆ ಹಿರಿಯರು. ನಾವು ಮಾತಾಡುತ್ತಿದ್ದುದು ತುಳುವಿನಲ್ಲಿ. ಅವರ ಮನೆಮಾತಾದ ಬ್ಯಾರಿ ಭಾಷೆ ನನಗೆ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ.

ಕೊನೆಯ ದಿನ ಬೆಳಿಗ್ಗೆ ದಟ್ಟ ಮಂಜು. ಗಾಡಿಯ ಚಕ್ರ ಮರಳಿನಲ್ಲಿ ಹೂತುಹೋಯಿತು. ಹಾವುಗಳು ಬಂದು ಅಡಗಲಿ ಎಂದು ನಾವೇ ಹರಡಿದ್ದ ಹಲಗೆಗಳಲ್ಲಿ ಒಂದನ್ನು ತನ್ನಿ, ಚಕ್ರದಡಿ ಇಡೋಣ ಎಂದೆ. ಹಸನಬ್ಬ ಹಲಗೆ ಎತ್ತಿದರು. ಅಡಿಯಲ್ಲಿದ್ದ ಗರಗಸ ಮಂಡಲವೆಂಬ ವಿಷದ ಹಾವು ಅವರ ಪಾದಕ್ಕೆ ಕಚ್ಚಿತು.

ಫೋನಿಗೆ ಸಿಗ್ನಲ್ ಇಲ್ಲ. "ನೀವು ರಸ್ತೆಗೆ ಹೋಗಿ ಶೆಟ್ರೇ," ಎಂದರು ಅವರು. "ಆ ಹಾವಿಗೆ ಎಂತ ಮಾಡ್ಬೇಡಿ. ಹೆದರಿ ಕಚ್ಚಿದ್ದು ಅಷ್ಟೇ."

ನಾನು ಓಡಿದೆ. ಕಚ್ಚಿದ ಕಾಲನ್ನು ಅಲುಗದಂತೆ ಕಟ್ಟಬೇಕೆಂದು ಹತ್ತಾರು ಜನರಿಗೆ ಹೇಳಿಕೊಟ್ಟವನು ನಾನು. ಆ ಹೊತ್ತಿಗೆ ಅವರ ಕಾಲನ್ನು ಮುಟ್ಟಲೂ ಇಲ್ಲ. ಕಾಲು ಗಂಟೆಯಲ್ಲಿ ದಾರಿ ತಪ್ಪಿತು. ಎರಡು ಸಲ ನನ್ನದೇ ಹೆಜ್ಜೆ ಗುರುತಿನ ಮೇಲೆ ಬಂದು ನಿಂತೆ. ಕೂಗಿದರೆ ಕೂಗು ಮೂಗಿನ ಮುಂದೆಯೇ ಸತ್ತುಹೋಗುತ್ತಿತ್ತು. ಅವರ ಹೆಂಡತಿಗೆ ಏನೆಂದು ಫೋನ್ ಮಾಡಲಿ ಎಂಬ ಮಾತೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಕೊನೆಗೆ ಮರಳಿನಲ್ಲಿ ಕುಸಿದು ಕೂತು ಅತ್ತೆ.

ಎರಡು ಗಂಟೆಯ ಮೇಲೆ ಮಂಜು ಹರಿಯಿತು. ರಸ್ತೆ ನನ್ನ ಬೆನ್ನ ಹಿಂದೆಯೇ ಇತ್ತು. ನೀರಿನ ಟ್ಯಾಂಕರಿನ ಪಠಾಣ್ ಡ್ರೈವರ್ ಆಂಬುಲೆನ್ಸಿಗೆ ಫೋನ್ ಮಾಡಿ ನನ್ನೊಂದಿಗೆ ಓಡಿಬಂದ. ಹೆಣವನ್ನೇ ನೋಡುತ್ತೇನೆ ಎಂದುಕೊಂಡಿದ್ದೆ.

ಹಸನಬ್ಬ ಗಾಡಿಗೆ ಒರಗಿ ಕೂತಿದ್ದರು. ಕಾಲು ಊದಿತ್ತು. ಆದರೆ ಹಲಗೆಯ ತುಂಡೊಂದನ್ನು ಆನಿಸಿ, ಅವರದೇ ತಲೆಬಟ್ಟೆಯಿಂದ ಅದನ್ನು ಕಟ್ಟಲಾಗಿತ್ತು. ಬೆರಳು ತೂರುವಷ್ಟು ಸಡಿಲವಾಗಿ, ನಾನು ಕಲಿಸುವ ಹಾಗೆಯೇ.

"ಯಾರು ಕಟ್ಟಿದ್ದು?" ಎಂದೆ.

"ಎಂತ ಕೇಳುದು ನೀವು?" ಅವರ ಸ್ವರ ಬಹಳ ಸಣ್ಣಗಾಗಿತ್ತು. "ಇಷ್ಟೊತ್ತು ನೀವೇ ಕೂತಿದ್ರಲ್ಲ ಇಲ್ಲಿ. ನಿದ್ದೆ ಮಾಡ್ಬೇಡಿ, ನಿದ್ದೆ ಮಾಡ್ಬೇಡಿ ಅಂತ. ಬ್ಯಾರಿ ಯಾವಾಗ ಕಲ್ತದ್ದು ಶೆಟ್ರೇ?"

ವಿಷದ ಮಂಪರು ಎಂದು ಆಸ್ಪತ್ರೆಯಲ್ಲಿ ನನಗೆ ನಾನೇ ಹೇಳಿಕೊಂಡೆ. ಅವರೇ ಕಟ್ಟಿಕೊಂಡಿರಬಹುದು. ಆದರೆ ಅಂಥ ಕಟ್ಟನ್ನು ನಾನು ಅವರಿಗೆ ಒಮ್ಮೆಯೂ ತೋರಿಸಿರಲಿಲ್ಲ. ಮರಳಿನಲ್ಲಿ ಮೂರನೆಯವರ ಹೆಜ್ಜೆ ಹುಡುಕೋಣವೆಂದು ಎರಡು ದಿನದ ಮೇಲೆ ಹೋದರೆ ಆ ಜಾಗವನ್ನೆಲ್ಲ ಸಮ ಮಾಡಿ ಮುಗಿಸಿದ್ದರು. ಆ ಮಂಡಲವೂ, ನಾವು ಹಿಡಿಯದೆ ಉಳಿದ ಎಷ್ಟೋ ಹಾವುಗಳೂ ಅದರಡಿಯಲ್ಲೇ ಹೋಗಿರಬೇಕು.

ಹಸನಬ್ಬ ಕಾಲಿನ ಎರಡು ಬೆರಳು ಕಳೆದುಕೊಂಡು ಊರು ಸೇರಿದರು. ಪ್ರತಿ ಹಬ್ಬಕ್ಕೂ ಫೋನ್ ಮಾಡಿ, ಅವತ್ತು ಬಿಟ್ಟುಹೋಗದೆ ಕೂತಿದ್ದಕ್ಕೆ ನನಗಾಗಿ ದುವಾ ಮಾಡುತ್ತೇನೆ ಎನ್ನುತ್ತಾರೆ. ಬಿಟ್ಟುಹೋಗಿದ್ದೆ ಎಂದು ನಾನು ಹಲವು ಸಲ ಹೇಳಿದ್ದೇನೆ. ಅವರು ನಂಬುವುದಿಲ್ಲ.