ಚೈನ್ ತೆಗೆದು ಗೇರ್ ಹಾಕಿದ್ದು

ಗೋಣಿಬೀಡಿನ ನನ್ನ ಗ್ಯಾರೇಜಿಗೆ ಬಂದ ಎಸ್ಟೇಟ್ ಗೌಡ್ರು, ಕಾರಿನ ಎಂಜಿನ್ನಿನೊಳಗಿನ ಟೈಮಿಂಗ್ ಚೈನ್ ಪದೇಪದೇ ಸಡಿಲಾಗುತ್ತೆ, ಅದನ್ನು ಕಿತ್ತು ಅದರ ಜಾಗಕ್ಕೆ ಹಲ್ಲಿನ ಗೇರನ್ನೇ ಕೂರಿಸು ಅಂತ ಹಟ ಹಿಡಿದರು.

"ಗೇರ್ ಹಾಕಿದ್ರೆ ಎಂಜಿನ್ ಕುಂಯ್ ಅಂತ ಕೂಗುತ್ತೆ ಗೌಡ್ರೇ," ಅಂದೆ.

"ಕೂಗ್ಲಿ ಮಾರಾಯ, ಗಟ್ಟಿ ಇದ್ರೆ ಸಾಕು."

ಹಾಕಿಕೊಟ್ಟೆ. ತಿಂಗಳು ಕಳೆದು ಬಂದಾಗ ಅವರ ಮುಖ ಅರಳಿತ್ತು. "ಕಾರು ಸರಿಯಾದ್ಮೇಲೆ ಆಳುಗಳೂ ಸರಿಯಾದ್ರು ನೋಡು! ಮೊದ್ಲು ನಾನು ತೋಟಕ್ಕೆ ಹೋದಾಗೆಲ್ಲ ಎಲೆಅಡಿಕೆ ಹಾಕ್ತಾ ಕೂತಿರ್ತಿದ್ರು. ಈಗ ಯಾವಾಗ ಹೋದ್ರೂ ಬಗ್ಗಿಸಿದ ತಲೆ ಎತ್ತಲ್ಲ. ಎಲ್ಲ ನನ್ನ ಭಯ."

ಎರಡು ತಿರುವಿನಾಚೆಯಿಂದಲೇ ಕೇಳುವ ಆ ಎಂಜಿನ್ ಕೂಗಿನ ಬಗ್ಗೆ ನಾನು ಬಾಯಿಬಿಡಲಿಲ್ಲ. ಅಂದು ಬೆಳಿಗ್ಗೆಯಷ್ಟೇ ಅವರ ಆಳುಗಳ ಮೇಸ್ತ್ರಿ, ಗೌಡ್ರದೇ ತೋಟದ ಕಿತ್ತಳೆ ಒಂದು ಬುಟ್ಟಿ ತಂದಿಳಿಸಿ, "ಗೌಡ್ರು ಯಾವತ್ತಾದ್ರೂ ಚೈನ್ ವಾಪಸ್ ಹಾಕು ಅಂದ್ರೆ, ಎಲ್ಲೂ ಸಿಗಲ್ಲ ಅಂದ್ಬಿಡಿ" ಎಂದು ಹೇಳಿ ಹೋಗಿದ್ದ.