ಹಿಮದಲ್ಲಿ ಸಿಕ್ಕ ಎಡಗಾಲಿನ ಬೂಟು

ಯೂನಿಯನ್ ಸಿಟಿಯ ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿ, ಗ್ಯಾರೇಜಿನ ಮೂಲೆಯಲ್ಲಿದ್ದ ಹಳೆಯ ಸೂಟ್‌ಕೇಸು ತೆರೆದೆ. ಒದ್ದೆಯಾಗಿ ಒಣಗಿದ ಚರ್ಮದ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಕಂಬಳಿಯ ಕೆಳಗೆ ಒಂದೇ ಒಂದು ಬೂಟು, ಎಡಗಾಲಿನದು. ಅಲ್ಲಿ ಬಚ್ಚಿಟ್ಟವಳು ನಾನೇ. ಬೂಟು ಮಾತ್ರ ನನ್ನದಲ್ಲ.

ಅದು ಮಗಳ ಡೇಕೇರ್ ಅವ್ವನದು. ಎದುರು ಮನೆಯಲ್ಲಿ ಐದಾರು ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ವಿಜಯಪುರದ ಹೆಂಗಸು. ಮಕ್ಕಳೆಲ್ಲ ಅವರನ್ನು ಅವ್ವ ಎಂದೇ ಕರೆಯುತ್ತಿದ್ದವು. ನಾನು ಬೆಳಿಗ್ಗೆ ಸೇತುವೆ ದಾಟಿ ಮೆನ್ಲೋ ಪಾರ್ಕಿನ ಆಫೀಸಿಗೆ ಹೋದರೆ ಬರುವುದು ಸಂಜೆ ಏಳಕ್ಕೆ. ಅಷ್ಟರಲ್ಲಿ ಮಗಳ ಊಟ, ಹೋಮ್‌ವರ್ಕು, ನಗು ಎಲ್ಲ ಅಲ್ಲೇ ಮುಗಿದಿರುತ್ತಿತ್ತು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ ಅವರ ಬಾಗಿಲಲ್ಲಿ ನಿಂತು, "ಆತು ಬಿಡ್ರಿ ಅವ್ವಾ, ನಾಳಿಗೆ ಬರ್ತೀನಿ," ಅನ್ನುತ್ತಿದ್ದಳು. ಹೆತ್ತವಳು ಮಂಡ್ಯದ ನಾನು, ಮಗಳ ಬಾಯಲ್ಲಿ ವಿಜಯಪುರದ ಕನ್ನಡ! ಹೊಟ್ಟೆ ಉರಿಯದೆ ಇರುತ್ತದೆಯೇ?

ಅಷ್ಟು ಬಿಸಿಲಿನ ಊರಿನವರಿಗೆ ಹಿಮವೆಂದರೆ ಪ್ರಾಣ. ಮದುವೆಯಾಗಿ ಬಂದ ಹೊಸತರಲ್ಲಿ ಅವರ ಯಜಮಾನರಿಗೆ ಸಿಯೆರಾ ಬೆಟ್ಟದ ಪುಟ್ಟ ಊರೊಂದರ ಮೋಟೆಲಿನಲ್ಲಿ ಕೆಲಸವಿತ್ತಂತೆ. ಕಾರು ಹೊರಡದ ದಿನಗಳಲ್ಲಿ ಇವರು ಸ್ಕೀ ಕಟ್ಟಿಕೊಂಡೇ ಗ್ರೋಸರಿ ತರುತ್ತಿದ್ದರಂತೆ. ಬೆಟ್ಟದಿಂದ ಕೆಳಕ್ಕೆ ಜಾರುವ ಸ್ಕೀ ಅಲ್ಲ. ಬಯಲಿನ ಹಿಮದ ಮೇಲೆ ನಡೆದಂತೆಯೇ ಜಾರುವ ಉದ್ದನೆಯ ಸಪೂರ ಪಟ್ಟಿಗಳು. ಬೂಟಿನ ಮುಂತುದಿ ಮಾತ್ರ ಅದಕ್ಕೆ ಸಿಕ್ಕಿಕೊಂಡು ಹಿಮ್ಮಡಿ ಬಿಡಿಯಾಗಿರುತ್ತದೆ. ಆ ಬೂಟಿಲ್ಲದಿದ್ದರೆ ಸ್ಕೀ ಬರೀ ಹಲಗೆ.

ಮಗಳಿಗೆ ಒಂಬತ್ತಾದ ಚಳಿಗಾಲದಲ್ಲಿ, ಆ ಊರಿಗೆ ಕರೆದೊಯ್ದು ಅಲ್ಲಿನ ಕೆರೆಯ ಸುತ್ತ ಅವಳಿಗೆ ಸ್ಕೀ ಕಲಿಸುತ್ತೇನೆಂದರು. ಇಬ್ಬರನ್ನೇ ಕಳಿಸಲು ಮನಸ್ಸಾಗದೆ ನಾನೂ ಗಂಟುಬಿದ್ದೆ. ಬಾಡಿಗೆ ಮನೆ ಸೇರಿದ ಸಂಜೆ ಹಿಮ ಸಣ್ಣಗೆ ಶುರುವಾಗಿತ್ತು.

"ತಂಗೀ, ಬೂಟು ಒಳಗ ಇಡವ್ವಾ. ಮುಂಜಾನೆ ಸಿಗಂಗಿಲ್ಲ," ಎಂದರು.

"ಮನೆಯೊಳಗೆ ಬೂಟಾ? ನಮ್ಮಲ್ಲಿ ಆ ಪದ್ಧತಿ ಇಲ್ಲ ಅಕ್ಕ," ಎಂದೆ. ಪದ್ಧತಿ ಒಂದು ನೆಪ. ಒಂದು ವಿಷಯದಲ್ಲಾದರೂ ಅವರ ಮಾತು ನಡೆಯಬಾರದಿತ್ತು, ಅಷ್ಟೆ. ಅವರು ನಕ್ಕು ತಮ್ಮದನ್ನೂ ಹೊರಗೇ ಬಿಟ್ಟರು.

ಬೆಳಿಗ್ಗೆ ಬಾಗಿಲು ತೆರೆದರೆ ಎದೆಯೆತ್ತರದ ಬಿಳಿ ಗೋಡೆ. ಸುರಿದದ್ದು ಸಾಲದೆಂದು ಮಾಡಿನ ಮೇಲಿನ ಹಿಮವೂ ಜಾರಿ ಬಂದು ಬಾಗಿಲ ಮುಂದೆಯೇ ಬಿದ್ದಿತ್ತು. ಮೆಟ್ಟಿಲಿಲ್ಲ, ಕಾರಿಲ್ಲ, ಬೂಟುಗಳಂತೂ ಇಲ್ಲವೇ ಇಲ್ಲ. ಫ್ರೀವೇ ಮುಚ್ಚಿತ್ತು. ಅವರು ಕಾಲುಚೀಲದ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಸಲಿಕೆ ಹಿಡಿದು ಇಳಿದರು. ಮೊದಲು ಮಗಳ ಬೂಟು ತೆಗೆದರು, ಆಮೇಲೆ ನನ್ನವು, ಕೊನೆಗೆ ತಮ್ಮ ಬಲಗಾಲಿನದು. ಕೈ ಕೆಂಪಾಗಿ ಮರಗಟ್ಟಿದಾಗ, "ಚಾ ಇಡ್ತೀನಿ," ಎಂದು ಒಳಗೆ ಹೋದರು. ನಾನು ಸಲಿಕೆ ತೆಗೆದುಕೊಂಡೆ.

ನಾಲ್ಕು ಸಲ ಅಗೆಯುವಷ್ಟರಲ್ಲಿ ಎಡಗಾಲಿನದೂ ಸಿಕ್ಕಿತು. ಅದೇ ಹೊತ್ತಿಗೆ ಒಳಗಿನಿಂದ ಮಗಳ ದನಿ ಕೇಳಿತು: "ಅವ್ವಾ, ಕೆರೀ ಸುತ್ತ ಹೋಗೂಣಲ್ರೀ?" ನನ್ನನ್ನು ಹಾಗೆ ಒಮ್ಮೆಯಾದರೂ ಕೇಳಿದ್ದಳೇ... ಬೂಟನ್ನು ಜಾಕೆಟ್ಟಿನೊಳಗೆ ತುರುಕಿಕೊಂಡು ಹೋಗಿ ನನ್ನ ಬ್ಯಾಗಿನ ತಳಕ್ಕೆ ಹಾಕಿದೆ.

"ಸಿಗಲಿಲ್ಲ ಅಕ್ಕ," ಎಂದೆ.

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. "ಹೋಗ್ಲಿ ಬಿಡು. ನೀವಿಬ್ಬರೂ ಹೋಗಿ ಬರ್ರಿ."

ಮಗಳು ಜಗ್ಗಲಿಲ್ಲ. "ನೋ ಮಮ್ಮಿ, ನಾಟ್ ವಿದೌಟ್ ಅವ್ವ," ಅಂದಳು. ಕಾಗದದ ಗ್ರೋಸರಿ ಚೀಲ ಹರಿದು, ಮನೆ ಬರೆದು, ಪಿಸ್ತಾ ಸಿಪ್ಪೆಗಳನ್ನೇ ಕವಡೆ ಮಾಡಿಕೊಂಡು ಇಬ್ಬರೂ ದಿನವಿಡೀ ಚೌಕಾಬಾರ ಆಡಿದರು. ನಾನು ಹೊರಗೆ ಒಬ್ಬಳೇ ಕಾರಿನ ಮೇಲಿನ ಹಿಮ ಬಾಚುತ್ತಾ ಒಳಗಿನ ನಗು ಕೇಳಿಸಿಕೊಂಡೆ. ಮಾಡಿದ್ದಕ್ಕೆ ತಕ್ಕದ್ದೇ ಆಯಿತು.

ಯೂನಿಯನ್ ಸಿಟಿಗೆ ಮರಳಿದ ಮೇಲೆ ಮಗಳನ್ನು ಅವರಲ್ಲಿಗೆ ಕಳಿಸುವುದನ್ನು ನಿಲ್ಲಿಸಿ, ಶಾಲೆಯಲ್ಲೇ ಸಂಜೆಯವರೆಗೆ ಉಳಿಯುವ ಏರ್ಪಾಡು ಮಾಡಿದೆ. ಬೂಟನ್ನು ನಾಳೆ ಕೊಟ್ಟರಾಯಿತು, ನಾಡಿದ್ದು ಕೊಟ್ಟರಾಯಿತು ಎಂದುಕೊಳ್ಳುತ್ತಲೇ ವರ್ಷಗಳು ಕಳೆದವು. ಎದುರಾದಾಗಲೆಲ್ಲ ಅವರು, "ಹ್ಯಾಂಗದೀಯವಾ?" ಎನ್ನುವರು. ಬೂಟಿನ ಸುದ್ದಿ ಒಮ್ಮೆಯೂ ಎತ್ತಲಿಲ್ಲ. ಅವರು ಆಸ್ಪತ್ರೆ ಸೇರಿದಾಗ ಮಗಳು ವಾರ ವಾರವೂ ಹೋಗಿ ಬಂದಳು. ನನಗೆ ಏನಾದರೊಂದು ಮೀಟಿಂಗು ಇರುತ್ತಿತ್ತು... ಎರಡು ಚಳಿಗಾಲದ ಹಿಂದೆ ಹೋಗಿಬಿಟ್ಟರು.

ಈಗ ಬೂಟು ಕೈಯಲ್ಲಿ ಹಿಡಿದು ನಿಂತಿದ್ದಾಗಲೇ, ಪ್ಯಾಕಿಂಗಿಗೆ ನೆರವಾಗಲು ಸ್ಯಾನ್ ರಮೋನಿನಿಂದ ಬಂದಿದ್ದ ಮಗಳು ಗ್ಯಾರೇಜಿಗೆ ಬಂದಳು. ಬಚ್ಚಿಡಲು ಸಮಯ ಸಿಗಲಿಲ್ಲ. ಅವಳು ಏನೂ ಕೇಳದೆ ತನ್ನ ಕಾರು ತೆಗೆದುಕೊಂಡು ಹೋದಳು. ಎರಡು ತಾಸಿನ ಮೇಲೆ ಚೀಲವೊಂದನ್ನು ಹಿಡಿದು ಬಂದಳು. ಒಳಗೆ ಬಲಗಾಲಿನ ಬೂಟಿತ್ತು.

ಆಸ್ಪತ್ರೆಗೆ ತರಿಸಿಕೊಂಡು ಅವ್ವನೇ ಕೊಟ್ಟಿದ್ದರಂತೆ. ಹಿಮ ಬಿದ್ದ ಆ ಬೆಳಿಗ್ಗೆ ನಾನು ಬೂಟನ್ನು ಜಾಕೆಟ್ಟಿನೊಳಗೆ ತುರುಕಿಕೊಳ್ಳುವುದನ್ನು ಕಿಟಕಿಯಿಂದ ನೋಡಿದ್ದರಂತೆ. ಇದನ್ನೆಲ್ಲ ಮಗಳು ಇಂಗ್ಲಿಷಿನಲ್ಲೇ ಹೇಳಿದಳು, ಅವ್ವನ ಮಾತು ಮಾತ್ರ ಅವರದೇ ದನಿಯಲ್ಲಿ ಬಂತು: "ಇನ್ನೊಂದು ನಿಮ್ಮಮ್ಮನ ಕಡೆ ಐತಿ. ನೀ ಕೇಳಬ್ಯಾಡ. ಆಕಿನೇ ಕೊಡ್ತಾಳ."

ನಾಚಿಕೆಗಿಂತ ಮೊದಲು ಬಂದದ್ದು ಅದೇ ಹಳೆಯ ಹೊಟ್ಟೆಕಿಚ್ಚು. ನನ್ನ ಕಳ್ಳತನವನ್ನೂ ಇವರಿಬ್ಬರು ನನ್ನನ್ನು ಬಿಟ್ಟು ಹಂಚಿಕೊಂಡಿದ್ದರಲ್ಲ! ಆಮೇಲೆ ಅಳು ಬಂತು. ಎದುರು ಮನೆಯಲ್ಲಿ ಈಗ ಯಾರೋ ಬೇರೆಯವರಿದ್ದಾರೆ. ತಪ್ಪಾಯಿತು ಅಕ್ಕ ಎನ್ನಲು ಬಾಗಿಲು ತಟ್ಟುವ ಹಾಗಿಲ್ಲ.

ಮಗಳು ನನ್ನ ಕೈಯಿಂದ ಎಡಗಾಲಿನದನ್ನು ತೆಗೆದುಕೊಂಡು ಎರಡನ್ನೂ ಜೋಡಿಸಿದಳು. ಮನೆಯೊಳಗೆ ಹೋಗುವ ಹೊಸ್ತಿಲ ಹತ್ತಿರ ನಿಂತು ನನ್ನ ಕಡೆ ತಿರುಗಿದಳು.

"ಒಳಗ ಇಡ್ಲಾ?"

ನನ್ನನ್ನು ಅವಳು ಕನ್ನಡದಲ್ಲಿ ಏನನ್ನಾದರೂ ಕೇಳಿದ್ದು ನೆನಪಿಲ್ಲ. ಈಗ ಕೇಳಿದ್ದೂ ಅವರ ಕನ್ನಡದಲ್ಲೇ.

"ಇಡವ್ವಾ," ಎಂದೆ.