ಮುಳುಗಗೊಡದ ಪಂಪಕ್ಕ

ಸೂರ್ಯ ಇನ್ನೂ ಕಣ್ಣುಜ್ಜಿಕೊಳ್ಳುತ್ತಿರುವಾಗಲೇ ಸರೋವರದ ದೋಣಿ ಕಟ್ಟುವ ಜೆಟ್ಟಿಯಿಂದ ಗೊರಗೊರ ಸದ್ದು ಕೇಳಿಬರುತ್ತದೆ. ಗಂಡನ ಹಳೇ ಸ್ವೆಟರ್ ತೊಟ್ಟ ಮಹಿಳೆಯೊಬ್ಬರು ವಿಮಾನದ ರೆಕ್ಕೆಯ ಕೆಳಗೆ ಕುಕ್ಕರಗಾಲಲ್ಲಿ ಕೂತು ಕೈಪಂಪು ಹೊಡೆಯುತ್ತಿದ್ದಾರೆ. ಊರಿಗೆಲ್ಲ ಅವರು ಪಂಪಕ್ಕ.

ನೀರಿನ ಮೇಲಿಳಿಯುವ ಈ ವಿಮಾನಕ್ಕೆ ಚಕ್ರವಿಲ್ಲ. ದೋಣಿಯಂಥ ಎರಡು ಉದ್ದನೆಯ ಫ್ಲೋಟುಗಳ ಮೇಲೆ ಅದು ನಿಂತಿದೆ. ಅವುಗಳೊಳಗಿನ ಖಾನೆಗಳಿಗೆ ಹಗಲಿರುಳೂ ನೀರು ಜಿನುಗುತ್ತದೆ. ದಿನಾ ತೆಗೆಯದಿದ್ದರೆ ವಿಮಾನ ಮೊದಲು ವಾಲುತ್ತದೆ, ಆಮೇಲೆ ಮುಳುಗುತ್ತದೆ.

ಇದನ್ನು ಹಾರಿಸುತ್ತಿದ್ದ ಕಂಪನಿ ಬಾಳಿದ್ದು ಮೂರೇ ವರ್ಷ. ಆಚೆ ದಡದ ಊರುಗಳಿಗೆ ರೋಗಿಗಳು, ಗುಮಾಸ್ತರು, ಹೊಸದಾಗಿ ಮದುವೆಯಾದವರು ಇದರಲ್ಲೇ ಹೋಗುತ್ತಿದ್ದರು. ಬೆಳಗಿನ ಮಂಜು ದಿನ ಬಿಟ್ಟು ದಿನ ಹಾರಾಟ ತಡೆಯಿತು, ಆಮೇಲೆ ಸೇತುವೆಯೂ ಬಂತು. ಕಂಪನಿ ಬಾಗಿಲು ಹಾಕಿತು. ಎರಡು ವಿಮಾನ ಮಾರಾಟವಾದವು. ಎಂಜಿನ್ ಕೆಟ್ಟ ಮೂರನೆಯದು ಇಲ್ಲೇ ಉಳಿಯಿತು. ಯಾರಾದರೂ ಕೊಳ್ಳುವವರೆಗೆ ನೋಡಿಕೊಳ್ಳಮ್ಮ ಎಂದು ಹೇಳಿ ಹೋದ ಮ್ಯಾನೇಜರ್ ನಾಲ್ಕು ವರ್ಷದಿಂದ ಇತ್ತ ತಲೆಹಾಕಿಲ್ಲ. ಹಗಲು ದೋಣಿ ಟಿಕೆಟ್ ಮಾರಿ ಸಂಸಾರ ತೂಗಿಸುವ ಪಂಪಕ್ಕ ಮಾತ್ರ ಬೆಳಗಿನ ಪಾಳಿ ತಪ್ಪಿಸಿಲ್ಲ. ತಮಗೆ ಜ್ವರ ಬಂದಾಗ ದೋಣಿ ನಡೆಸುವ ಗಂಡನನ್ನು, ಅವರು ಗೊಣಗಿದರೂ ಬಿಡದೆ, ಕಳಿಸಿದ್ದಾರೆ.

ಕಂಪನಿಯ ಕೆಲಸಕ್ಕೆ ಸೇರಿದ ವಾರದಲ್ಲಿ ಅವರು ಮಾಡಿದ ಘನಕಾರ್ಯವನ್ನು ಜೆಟ್ಟಿಯವರು ಇವತ್ತಿಗೂ ಆಡಿಕೊಂಡು ನಗುತ್ತಾರೆ. ಎಡ ಫ್ಲೋಟಿನಲ್ಲಿ ನೀರು ತುಂಬಿ ವಿಮಾನ ವಾಲಿತ್ತು. ಸಮ ಮಾಡೋಣ ಎಂದು ಈಕೆ ಬಲ ಫ್ಲೋಟಿಗೂ ಬಕೆಟ್‌ಗಟ್ಟಲೆ ನೀರು ಸುರಿದರು. ವಿಮಾನ ನೆಟ್ಟಗೆ ನಿಂತಿತು, ಹಾರಲಿಲ್ಲ. ಪ್ರಯಾಣಿಕರು ಸರೋವರವನ್ನು ಮೂರು ಸುತ್ತು ಹೊಡೆದು ಹತ್ತಿದಲ್ಲೇ ಇಳಿದರು. "ಪೈಲಟ್ ಬೈತಾರೆ ಅಂದ್ಕೊಂಡೆ. ಅವರು ನಕ್ಕು ಪಂಪ್ ಕೈಗೆ ಕೊಟ್ರು. ಅವತ್ತಿಂದ ಬಿಟ್ಟಿಲ್ಲ ನೋಡಿ" ಎನ್ನುತ್ತಾರೆ ಪಂಪಕ್ಕ.

ಕಳೆದ ವಾರ ದೂರದ ಇನ್ನೊಂದು ಸರೋವರದಿಂದ ಕೊಳ್ಳುವವರ ಮೆಕ್ಯಾನಿಕ್ ಬಂದಿದ್ದರು. ಫ್ಲೋಟಿನ ಒಳಗೆ ತುಕ್ಕು ತಿಂದಿದ್ದರೆ ವಿಮಾನ ನೇರ ಗುಜರಿಗೆ. ಅವರು ಟಾರ್ಚ್ ಹಿಡಿದು ಒಂದೊಂದೇ ಖಾನೆ ಇಣುಕುತ್ತಿದ್ದರೆ, ಈಕೆ ಮಗಳ ಪರೀಕ್ಷೆಯ ಫಲಿತಾಂಶಕ್ಕೂ ಪಡದಷ್ಟು ಸಂಕಟಪಟ್ಟರು. ಕೊನೆಗೆ ಮೆಕ್ಯಾನಿಕ್ ಮುಚ್ಚಳ ಹಾಕಿ, ಒಳಗೆಲ್ಲ ಗಟ್ಟಿಯಾಗಿದೆ, ಎಂಜಿನ್ ಹಾಕಿದರೆ ಹಾರುತ್ತದೆ ಎಂದರು. ಪಂಪಕ್ಕ ಅಲ್ಲೇ ಕೂತು ಅತ್ತುಬಿಟ್ಟರು.

ಮುಂದಿನ ಭಾನುವಾರ ಎಂಜಿನ್ ಬರುತ್ತದೆ, ವಿಮಾನ ಹೊರಡುತ್ತದೆ. ಇನ್ನು ಹಾಯಾಗಿ ನಿದ್ದೆ ಮಾಡು ಎನ್ನುತ್ತಾರೆ ಗಂಡ. ಅದು ತಮ್ಮ ಕೈಲಾಗುವ ಮಾತಲ್ಲ ಎಂದು ಪಂಪಕ್ಕನಿಗೆ ಗೊತ್ತು.

ಆಸೆ ಏನಾದರೂ ಉಳಿದಿದೆಯೇ ಎಂದರೆ ಕೈಪಂಪು ಒರೆಸುತ್ತಾ ಹೇಳುತ್ತಾರೆ.

"ಅಲ್ಲಿ ಬೆಳಿಗ್ಗೆ ಎದ್ದು ಪಂಪ್ ಹೊಡೆಯೋರು ಯಾರೋ, ಅವರ ಹತ್ರ ಒಂದ್ಸಲ ಮಾತಾಡ್ಬೇಕು. ಹಿಂದಿನ ಖಾನೆ ಬರಿದಾದ ಹಾಗೆ ಸದ್ದು ಮಾಡುತ್ತೆ, ನಂಬಬೇಡಿ, ಇನ್ನೂ ನಾಲ್ಕು ಸಲ ಹೊಡೀರಿ ಅಂತ ಹೇಳ್ಬೇಕು. ಅಷ್ಟೇ."